ಓಬ ಹೆಜ್ಜೆ ಹಿಡ್ಕಂಡು ಹೋದದ್ದು

ಹೂಂಗುಟ್ಟೋರು ಹತ್ತಿರ ಬನ್ನಿ, ನಿದ್ದೆ ಬಂದೋರು ಗೋಡೆಗೆ ಒರಗಿಕೊಳ್ಳಿ.

ತಿಪ್ಪಕ್ಕ ಅಂತ ಒಬ್ಬಳಿದ್ದಳು. ಅವಳಿಗೆ ಓಬ ಅಂತ ಒಬ್ಬನೇ ಮಗ. ಮೀಸೆ ಬಂದಿತ್ತು, ತೋಳು ತುಂಬಿಕೊಂಡಿತ್ತು, ಬುದ್ಧಿ ಮಾತ್ರ ದಾರೀಲೇ ಎಲ್ಲೋ ಕೂತುಬಿಟ್ಟಿತ್ತು. ಮಕ್ಕಳು ಹೇಳಿದ್ದು ಕೇಳಲ್ಲ ಅಂತ ಊರಿನ ತಾಯಂದಿರೆಲ್ಲ ದೂರ್ತಿದ್ದರು. ತಿಪ್ಪಕ್ಕನ ದೂರೇ ಬೇರೆ. ಅವಳ ಮಗ ಹೇಳಿದ್ದನ್ನೇ ಕೇಳ್ತಿದ್ದ. ಹೇಳಿದಷ್ಟೇ, ಹೇಳಿದ ಹಾಗೇ. ಹೇಳಿ ಹೇಳಿ ಅವಳ ಬಾಯಿ ಸೋತಿತ್ತು.

ಒಂದು ದಿನ ಬೆಳಿಗ್ಗೆ ಹಿತ್ತಲಿಗೆ ಹೋದರೆ ನುಗ್ಗೆ ಮರದ ಕೆಳಗೆ ಕೆಂಪು ಹೇಂಟೆ ಸತ್ತು ಬಿದ್ದಿದೆ. ಕತ್ತಿನ ಹತ್ತಿರ ರಕ್ತ, ಸುತ್ತ ಗರಿ. ಮನೆಗೆ ಉಪ್ಪು ಎಣ್ಣೆ ಬರ್ತಿದ್ದದ್ದು ಕೋಳಿ ಮೊಟ್ಟೆಯಿಂದ. ಅದರಲ್ಲೂ ದಿನ ತಪ್ಪದೆ ಇಡ್ತಿದ್ದದ್ದು ಇದೊಂದೇ. ತಿಪ್ಪಕ್ಕ ಬಗ್ಗಿ ಮುಟ್ಟಿ ನೋಡಿದಳು. ತಲೆ ಎತ್ತಿ ನೋಡ್ತಾಳೆ, ಪಕ್ಕದ ಮನೆ ಗಂಗಕ್ಕನ ನಾಯಿ ಕರಿಯ ಬೇಲಿ ಆಚೆ ಮೂಸ್ತಾ ನಿಂತಿದೆ.

"ಗಂಗಕ್ಕ, ನಿನ್ನ ನಾಯಿ ನನ್ನ ಕೋಳಿ ಕೊಂದದೆ ಕಣೆ" ಅಂದುಬಿಟ್ಟಳು.

"ನನ್ನ ಕರಿಯ ಅಂಥದ್ದಲ್ಲ" ಅಂದಳು ಗಂಗಕ್ಕ. ಮಾತಿಗೆ ಮಾತು ಬೆಳೀತು. ಗಂಗಕ್ಕ ನಾಯೀನ ಕಂಬಕ್ಕೆ ಬಿಗಿದು ಕಟ್ಟಿ, ಹಿತ್ತಲ ಬಾಗಿಲು ಹಾಕ್ಕೊಂಡಳು. ದಿನಾ ಬೇಲಿ ಮೇಲಿಂದ ಬರ್ತಿದ್ದ ಮಜ್ಜಿಗೆ ಚೊಂಬು ಅವತ್ತು ಬರಲಿಲ್ಲ. ಕಟ್ಟಿಹಾಕಿದ ಕರಿಯ ಕುಂಯ್‌ಗುಡ್ತಾನೇ ಇತ್ತು. ಅದು ಕುಂಯ್ ಅಂದಾಗೆಲ್ಲ ತಿಪ್ಪಕ್ಕನಿಗೆ ಒಳಗೇ ಅನುಮಾನ. ನಾನು ದುಡುಕಿದೆನಾ? ಕೊಂದದ್ದು ಗಿಡುಗವೋ, ಕಾಡುಬೆಕ್ಕೋ, ಇನ್ನೇನೋ?

ಅವಳ ಅಣ್ಣ ಕಾಟಯ್ಯ ಕೆಳಗಿನ ಬೀದೀಲಿದ್ದ. ವಯಸ್ಸಲ್ಲಿ ಬೇಟೆಗೆ ಹೋಗ್ತಿದ್ದೋನು, ಪ್ರಾಣಿಗಳ ರೀತಿ ಬಲ್ಲೋನು. ಅವನನ್ನ ಕರೆದು ತೋರಿಸೋಣ ಅಂತ ಹೊರಟಳು. ಹೋಗೋ ಮುಂಚೆ ಮಗನಿಗೆ ಹೇಳಿದಳು, "ಓಬ, ನಾನು ಮಾವನ್ನ ಕರ್ಕಂಡು ಬತ್ತೀನಿ. ಅಲ್ಲೀತನಕ ಈ ಕೋಳೀನ ನೋಡ್ಕೋ."

"ನೋಡ್ಕತೀನಿ ಕಣವ್ವ" ಅಂದ ಓಬ.

ಕಾಟಯ್ಯ ಹೊಲಕ್ಕೆ ಹೋಗಿದ್ದ. ಬಂದ ಮೇಲೆ ಕಳಿಸು ಅಂತ ಅತ್ತಿಗೆಗೆ ಹೇಳಿ ತಿಪ್ಪಕ್ಕ ವಾಪಸು ಬಂದರೆ ಹಿತ್ತಲ ತುಂಬ ಕಾಗೆ. ಕೋಳಿ ಇದ್ದ ಜಾಗದಲ್ಲಿ ನಾಲ್ಕು ಮೂಳೆ, ಒಂದಿಷ್ಟು ಗರಿ. ಓಬ ಎದುರಿಗೇ ಕುಕ್ಕರುಗಾಲಲ್ಲಿ ಕೂತವ್ನೆ.

"ನೋಡ್ಕೋ ಅಂದಿದ್ನಲ್ಲೋ."

"ನೋಡ್ದೆ ಕಣವ್ವ. ಮೊದಲನೇ ಕಾಗೆ ಬಂದಾಗಿಂದ ನೋಡ್ತಾನೇ ಇವ್ನಿ. ಕಣ್ಣು ಕೀಳಲಿಲ್ಲ."

ತಿಪ್ಪಕ್ಕ ಜಗಲಿ ಮೇಲೆ ಕೂತುಬಿಟ್ಟಳು. "ಬರೀ ನೋಡೋದಲ್ಲ ಕಣೋ ಪೆದ್ದ. ಹತ್ರ ಬಂದದ್ದನ್ನ ಕೋಲು ತಗಂಡು ಓಡಿಸ್ಬೇಕು. ಉಳಿದ ಗರೀನಾದ್ರೂ ಕಾಯಿ."

"ಓಡಿಸ್ತೀನಿ ಕಣವ್ವ" ಅಂದ ಓಬ. ಕೋಲು ಹುಡುಕಿಕೊಂಡ.

ಮಧ್ಯಾಹ್ನ ತಿಪ್ಪಕ್ಕ ನೀರಿಗೆ ಹೋಗಿದ್ದಾಗ ಕಾಟಯ್ಯ ಬಂದ. ತಂಗಿ ಕೋಳಿ ಹೋಯ್ತಂತೆ ಅಂತ ನೇರ ಹಿತ್ತಲಿಗೆ ಬಂದು, ಗರಿ ನೋಡೋಕೆ ಬಗ್ಗಿದ. ಬೆನ್ನ ಮೇಲೆ ಬಿತ್ತು ಕೋಲು. "ಓಬ, ನಾನು ಕಣೋ, ನಿನ್ನ ಮಾವ" ಅಂದ ಕಾಟಯ್ಯ. "ಗೊತ್ತು ಮಾವ, ಆದ್ರೆ ನೀನು ಹತ್ರ ಬಂದೆ" ಅಂದ ಓಬ. ಕಾಟಯ್ಯ ಬೀದಿಗುಂಟ ಓಡಿದ. ಅವನ ರುಮಾಲು ಬೇಲಿ ಮುಳ್ಳಲ್ಲಿ ಸಿಕ್ಕಿ ಅಲ್ಲೇ ಉಳೀತು.

ನೀರು ತಂದ ತಿಪ್ಪಕ್ಕ ರುಮಾಲು ನೋಡಿದಳು, ಮಗನ ಕೈಯಲ್ಲಿದ್ದ ಕೋಲು ನೋಡಿದಳು. ಕೊಡ ಇಳಿಸದೆಯೇ ಶುರು ಮಾಡಿದಳು.

"ಮನೆಗೆ ಬಂದೋರನ್ನ ಹೊಡೀತಾರೇನೋ? ಬಂದೋರಿಗೆ ಮಣೆ ಹಾಕ್ಬೇಕು, ನೀರು ಕೊಡ್ಬೇಕು, ಅವರಿಗೆ ಇಷ್ಟ ಆದದ್ದು ಹೊಟ್ಟೆ ತುಂಬ ಇಕ್ಕಬೇಕು. ಉಣ್ಣೋವಾಗ ಬಾಯಿ ನೋಡ್ತಾ ಕೂರಬಾರದು."

"ಹಂಗೇ ಮಾಡ್ತೀನಿ ಕಣವ್ವ" ಅಂದ ಓಬ.

ಮಾರನೇ ದಿನ ತಿಪ್ಪಕ್ಕ ಕಳೆ ಕೀಳೋಕೆ ಹೋಗಿದ್ದಳು. ಬಿಸಿಲು ನೆತ್ತಿಗೆ ಬರೋ ಹೊತ್ತಿಗೆ ಮನೆಗೆ ಬಂದಳು. ಹಿತ್ತಲಲ್ಲಿ ಒಂದು ಮಣೆ, ಮಣೆ ಪಕ್ಕ ಒಂದು ಚೊಂಬು ನೀರು. ಮಣೆ ಮುಂದೆ ಚುಕ್ಕೆ ಹೇಂಟೆ ಸತ್ತು ಬಿದ್ದಿತ್ತು. ಕೋಳಿ ಗೂಡಿನ ಬಾಗಿಲು ತೆಗೆದಿತ್ತು. ಓಬ ಆ ಕಡೆ ಮುಖ ಮಾಡಿ, ಗೋಡೆ ನೋಡ್ತಾ ಕೂತಿದ್ದ.

"ಯಾರೋ ಬಂದಿದ್ರು ಕಣವ್ವ" ಅಂದ. "ಬೇಲಿ ಹತ್ರ ಸರಸರ ಅಂತು. ಮಣೆ ಹಾಕ್ದೆ, ನೀರಿಟ್ಟೆ. ನಿನ್ನೆ ಕೋಳಿ ಹಿಡಿದಿತ್ತಲ್ಲ, ಇದಕ್ಕೆ ಅದೇ ಇಷ್ಟ ಅಂತ ಗೂಡು ತೆಗೆದೆ."

"ಯಾರು ಬಂದಿದ್ರೋ? ನಾಯೀನಾ, ಬೆಕ್ಕಾ? ಬಣ್ಣ ಯಾವುದು?"

"ಉಣ್ಣೋವಾಗ ನೋಡಬಾರದು ಅಂದಿದ್ದೆ. ನಾನು ನೋಡಲಿಲ್ಲ."

ತಿಪ್ಪಕ್ಕ ಅಳಲಿಲ್ಲ. ಅಳೋಕೂ ಕೂತ್ಕೊಂಡು ಹೊತ್ತು ಕಳೀಬೇಕು. ಕಾವಿಗೆ ಕೂತಿದ್ದ ಕರಿ ಕೋಳಿಯೊಂದು ಉಳಿದಿತ್ತು. ಅದನ್ನ ಮೊಟ್ಟೆ ಸಮೇತ ಮನೆ ಒಳಗೆ ತಂದು ಬುಟ್ಟಿ ಕವುಚಿದಳು. ರುಮಾಲು ಮಡಿಸ್ಕೊಂಡು ಅಣ್ಣನ ಮನೆಗೆ ಹೋದಳು. ಕಾಟಯ್ಯ ಬೆನ್ನಿಗೆ ಎಣ್ಣೆ ಹಚ್ಚಿಸ್ಕೊಂಡು ಮಕಾಡೆ ಮಲಗಿದ್ದ. ತಂಗಿ ಮುಖ ನೋಡಿ ಅವನ ಸಿಟ್ಟು ಅರ್ಧ ಇಳೀತು.

"ನಿಮ್ಮ ಬೇಲೀಲಿರೋ ಕಿಂಡಿ ಹತ್ರ ಬೂದಿ ಹರಡು ತಾಯಿ" ಅಂದ. "ರುಚಿ ಕಂಡದ್ದು ಮತ್ತೆ ಬರ್ತದೆ. ಬೂದೀಲಿ ಹೆಜ್ಜೆ ಮೂಡ್ತದೆ. ಆ ಹೆಜ್ಜೆ ಹಿಡ್ಕಂಡು ಹೋದ್ರೆ ಎಲ್ಲಿದ್ರೂ ಸಿಕ್ತದೆ."

ಬೆಳಿಗ್ಗೆ ತಿಪ್ಪಕ್ಕ ಒಲೆ ಬೂದಿ ಎಲ್ಲ ಬಾಚಿ ಬೇಲಿ ಕಿಂಡಿ ಹತ್ತಿರ ಹರಡಿದಳು. ಕಳೆ ಇನ್ನೂ ಮುಗಿದಿರಲಿಲ್ಲ, ಹೋಗಲೇಬೇಕು. "ಓಬ, ಇದರ ಮೇಲೆ ಹೆಜ್ಜೆ ಬೀಳ್ತದೆ. ಬಿದ್ದ ತಕ್ಷಣ ಹೆಜ್ಜೆ ಹಿಡ್ಕಂಡು ಹೋಗು" ಅಂದಳು. ಅಂದ ಮೇಲೆ ಒಂದು ಗಳಿಗೆ ನಿಂತಳು. ಇದರಲ್ಲಿ ತಪ್ಪು ಮಾಡೋಕೆ ಏನಿದೆ ಅಂತ ಯೋಚಿಸಿದಳು. ಏನೂ ಹೊಳೀಲಿಲ್ಲ. ಹೋದಳು.

ಹೆಜ್ಜೆ ಬಿತ್ತು. ಓಬ ಮೊರ ತಂದ, ಹೆಜ್ಜೆ ಬಿದ್ದಿದ್ದ ಬೂದೀನ ಒಂದು ಚೂರೂ ಬಿಡದ ಹಾಗೆ ಬಾಚಿ ಮೊರಕ್ಕೆ ತುಂಬಿದ. ಎರಡು ಕೈಲೂ ಹಿಡ್ಕೊಂಡ, ಹೊರಟ. ಎಲ್ಲಿಗೆ ಅಂತ ಅವ್ವ ಹೇಳಿರಲಿಲ್ಲ. ಹಂಗಾಗಿ ಎಲ್ಲ ಕಡೆಗೂ ಹೋದ. ಬಾವಿಕಟ್ಟೆ ಹತ್ತಿರ ಗಾಳಿ ಬೀಸಿತು, ನೀರು ಸೇದ್ತಿದ್ದ ಹೆಂಗಸರೆಲ್ಲ ಬೆಳ್ಳಗಾದರು. ಬೈಸಿಕೊಂಡು ಬೈಸಿಕೊಂಡು ಕೊನೆಗೆ ಕಾಟಯ್ಯನ ಮನೆ ಮುಂದೆ ನಿಂತ.

"ಏನೋ ಅದು?"

"ಹೆಜ್ಜೆ ಮಾವ. ಹಿಡ್ಕಂಡು ಬಂದಿವ್ನಿ. ಇದರೊಳಗೇ ಅದೆ, ನೋಡು."

ಕಾಟಯ್ಯ ಮೊರ ನೋಡಿದ. ಅಳಿಯನ ಮುಖ ನೋಡಿದ. ಆ ಮುಖದಲ್ಲಿ ಒಂದಿಷ್ಟೂ ಕೇಡಿಲ್ಲ, ಬೂದಿ ಮಾತ್ರ ಇದೆ. "ನಡಿಯಪ್ಪ, ನಾನೇ ಬತ್ತೀನಿ. ಆದ್ರೆ ಮೊದಲು ಆ ಮನೇಲಿರೋ ಕೋಲೆಲ್ಲ ನನ್ನ ಕೈಗೆ ಕೊಡು" ಅಂದ.

ಸಂಜೆ ತಿಪ್ಪಕ್ಕ ಬಂದಾಗ ಅಣ್ಣ ಹಿತ್ತಲಲ್ಲಿ ಮಂಡಿ ಊರಿ ಕೂತಿದ್ದ.

"ಇಲ್ಲಿ ನೋಡು ತಂಗಿ. ಗಿಡುಗ ಆಗಿದ್ರೆ ಗರಿ ಬುಡ ಸಮೇತ ಕಿತ್ತಿರ್ತಿತ್ತು. ಇವು ಕಡಿದು ತುಂಡಾಗವೆ, ಹಲ್ಲಿರೋದ್ರ ಕೆಲಸ. ಬಂದದ್ದು ಹಾಡುಹಗಲು, ಕಾಡುಬೆಕ್ಕು ಆ ಹೊತ್ತಿಗೆ ಊರೊಳಗೆ ಬರಲ್ಲ. ಈ ಕಿಂಡೀಲಿ ಕರಿಯನ ತಲೆ ತೂರೀತು, ಮೈ ತೂರಲ್ಲ. ಅದೂ ಅಲ್ದೆ ನಿನ್ನೆ ಅದನ್ನ ಕಟ್ಟಿಹಾಕಿತ್ತು." ಬೇಲಿ ಮುಳ್ಳಿಂದ ಎರಡು ಕೂದಲು ಬಿಡಿಸಿ ಅವಳ ಅಂಗೈಗೆ ಹಾಕಿದ. ಬಿರುಸು ಕೂದಲು, ಒಂದೊಂದರಲ್ಲೂ ಕಪ್ಪು ಬಿಳಿ ಪಟ್ಟೆ. "ಮುಂಗುಸಿ."

ಅವನು ಕಲ್ಲು ತುಂಬಿ ಕಿಂಡಿ ಮುಚ್ಚಿದ. ತಿಪ್ಪಕ್ಕ ಆ ಕೂದಲು ಹಿಡ್ಕೊಂಡು ನಿಂತೇ ಇದ್ದಳು. ಪಕ್ಕದ ಹಿತ್ತಲಲ್ಲಿ ಕರಿಯ ಇನ್ನೂ ಕುಂಯ್‌ಗುಡ್ತಿತ್ತು.

ಅಣ್ಣನಿಗೆ ಅಂತ ಮುದ್ದೆಗೆ ಎಸರಿಟ್ಟಳು. ಗಂಗಕ್ಕನೂ ಬಂದು ಉಣ್ಣಲಿ ಅಂತ ಆಸೆ. ಹೋಗಿ ಕರೆಯೋಣ ಅಂದರೆ ನಾಚಿಕೆ, ಕೈಯಲ್ಲಿ ಮುದ್ದೆ ಕೋಲು ಬೇರೆ. "ಓಬ, ನಾವು ಸುಮ್‌ಸುಮ್ನೆ ಯಾರ ಮೇಲೆ ತಪ್ಪು ಹೊರಿಸಿದ್ವೋ ಅವರ ಹತ್ರ ಹೋಗು. ಕಾಲು ಹಿಡ್ಕಂಡು, ಹೆಂಗಾದ್ರೂ ಮಾಡಿ ಊಟಕ್ಕೆ ಕರ್ಕಂಡು ಬಾ" ಅಂದಳು.

"ಕರ್ಕಂಡು ಬತ್ತೀನಿ ಕಣವ್ವ" ಅಂದ ಓಬ.

ಸ್ವಲ್ಪ ಹೊತ್ತಿಗೆ ಬಾಗಿಲಲ್ಲಿ ಗದ್ದಲ. ಓಬ ಬಂದ. ಹೆಗಲ ಮೇಲೆ ಕರಿಯ, ಮುಂಗಾಲೆರಡು ಒಂದು ಕೈಲಿ, ಹಿಂಗಾಲೆರಡು ಇನ್ನೊಂದು ಕೈಲಿ. ಹಿಂದೆಯೇ ಗಂಗಕ್ಕ, "ಬಿಡೋ, ಅದರ ಕಾಲು ಮುರಿದೀತು ಬಿಡೋ" ಅನ್ನುತ್ತಾ.

ಓಬ ನಾಯೀನ ಮಾವನ ಪಕ್ಕದ ಮಣೆ ಮೇಲೆ ಇಳಿಸಿದ. "ಕಾಲು ಬಿಡಲಿಲ್ಲ ಕಣವ್ವ, ಬಾಗಿಲ ತನಕ ಹಿಡ್ಕಂಡೇ ಇದ್ದೆ."

ಗಂಗಕ್ಕ ಸಿಟ್ಟಲ್ಲೇ ನಿಂತಿರೋಕೆ ನೋಡಿದಳು. ಆಗಲಿಲ್ಲ. ಸೆರಗು ಬಾಯಿಗೆ ಇಟ್ಕೊಂಡು ಹೊಸಿಲ ಮೇಲೆ ಕುಸಿದು ನಗೋಕೆ ಶುರು ಮಾಡಿದಳು. "ತಪ್ಪಾಯ್ತು ಕಣೆ, ಮುಂಗುಸಿ ಅಂತೆ" ಅಂದಳು ತಿಪ್ಪಕ್ಕ ಮೆತ್ತಗೆ. ಮಗನನ್ನ ಬಯ್ಯೋಕೆ ಬಾಯಿ ತೆಗೆದಳು, ಮುಚ್ಚಿಕೊಂಡಳು. ಏನು ಹೇಳಿದರೂ ಅದು ನಾಳೆ ಎಲ್ಲೋ ಹೋಗಿ ನಿಲ್ತದೆ.

"ಈಗೇನು ಮಾಡ್ಲವ್ವ?" ಅಂತ ಕೇಳಿದ ಓಬ.

"ಏನೂ ಮಾಡ್ಬೇಡ ನನ್ನಪ್ಪ. ಸುಮ್ನೆ ಕೂತ್ಕೋ."

ಓಬ ಕೂತ. ತಿಪ್ಪಕ್ಕ ನಾಲ್ಕು ತಣಿಗೆಗೂ ಮುದ್ದೆ ಇಕ್ಕಿ, ಸಾರು ಬಿಟ್ಟು, ಗಂಗಕ್ಕನ ಜೊತೆ ಎರಡು ಮಾತಾಡೋಕೆ ಹೊಸಿಲಿಗೆ ಹೋದಳು. ಕಾಟಯ್ಯ ಕೈ ತೊಳೆಯೋಕೆ ಎದ್ದ. ಕೈ ತೊಳೆದು ಬಂದರೆ ಅವನ ತಣಿಗೆ ನೆಕ್ಕಿಟ್ಟ ಹಾಗಿತ್ತು, ತಿಪ್ಪಕ್ಕನದೂ ಹಾಗೇ, ಗಂಗಕ್ಕನದೂ ಹಾಗೇ. ಕರಿಯ ಓಬನ ತಣಿಗೆಗೆ ಬಾಯಿ ಹಾಕಿತ್ತು. ಓಬ ಹಸಿದ ಹೊಟ್ಟೇಲಿ ಅದನ್ನೇ ನೋಡ್ತಾ, ಸುಮ್ಮನೆ ಕೂತಿದ್ದ.