ಗೋಡೆಯಾಚೆಯ ಮಗ್ಗಿ

ಶಿಷ್ಯನು ಕೇಳಿದನು: "ಗುರುಗಳೇ, ಬೇರೆ ಧರ್ಮದವರೊಬ್ಬರು ತಮ್ಮ ಮಗುವನ್ನು ನಮ್ಮ ಪಾಠಶಾಲೆಗೆ ಸೇರಿಸಬೇಕೆಂದು ಬಂದಿದ್ದಾರೆ. ಅವರ ಮನಸ್ಸಿನಲ್ಲಿ ಏನಿದೆಯೋ ಯಾರು ಬಲ್ಲರು? ಮೊದಲು ಪರೀಕ್ಷಿಸಿ ನೋಡುವುದು ತಪ್ಪೇ?"

ಗುರುಗಳು ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಂದು ಶಾಲೆ ಇತ್ತು. ಊರಿನ ಪಂಚರು ಅದನ್ನು ನಡೆಸುತ್ತಿದ್ದರು. ಇದ್ದವರು ಒಬ್ಬರೇ ಮಾಸ್ತರರು. ಸಂಜೆ ಶಾಲೆ ಬಿಡುವ ಮೊದಲು ಮಕ್ಕಳೆಲ್ಲ ಸಾಲಾಗಿ ನಿಂತು ಗಟ್ಟಿಯಾಗಿ ಮಗ್ಗಿ ಹೇಳುವುದು ಅಲ್ಲಿಯ ರೂಢಿ. ಬಾರದವರು ಬರುವವರ ದನಿ ಹಿಡಿದು ಹೇಳುತ್ತಿದ್ದರು. ಹೇಳುತ್ತ ಹೇಳುತ್ತ ಅವರಿಗೂ ಬರುತ್ತಿತ್ತು.

ಎಂದಿನಂತಹ ಒಂದು ಸೋಮವಾರ ಒಬ್ಬ ಪಿಂಜಾರನು ಮಗಳ ಕೈ ಹಿಡಿದುಕೊಂಡು ಶಾಲೆಗೆ ಬಂದನು. ಹತ್ತಿ ಹಿಂಜಿ ಗಾದಿ ತುಂಬುವುದು ಅವನ ಕೆಲಸ. ಊರಿನಲ್ಲಿ ಮುಸಲ್ಮಾನರ ಮನೆ ಅದೊಂದೇ. ಮಗಳ ಹೆಸರು ಮೌಲಾಬಿ.

"ಗಾದಿ ತುಂಬಾಕ ಮಗ್ಗಿ ಯಾಕ ಬೇಕೋ ತಮ್ಮಾ?" ಎಂದು ಪಂಚರಲ್ಲೊಬ್ಬರು ನಕ್ಕರು.

"ಗಾದಿ ನಾ ತುಂಬತೀನ್ರಿ ಯಜಮಾನ್ರ. ಈಕಿ ಓದಲಿ ಅಂತ ಬಂದೀನಿ."

ಪಂಚರಿಗೆ ಆ ಮಾತು ಸರಳವಾಗಿ ಕಾಣಲಿಲ್ಲ. ಇಷ್ಟು ದಿನ ಇಲ್ಲದ್ದು ಈಗೇಕೆ? ಯಾರು ಹೇಳಿ ಕಳಿಸಿದರು? ಅವರು ಹುಡುಗಿಯನ್ನು ಪರೀಕ್ಷಿಸಿದರು. ಅವರ ಮಕ್ಕಳು ಶಾಲೆಗೆ ಸೇರಿದಾಗ ಅಂಥ ಪರೀಕ್ಷೆ ಇರಲಿಲ್ಲ. ಮಗ್ಗಿ ಹೇಳು ಎಂದರು. ಅವಳಿಗೆ ಬರಲಿಲ್ಲ. "ಏನೂ ಬಾರದವಳನ್ನು ಹೇಗೆ ಸೇರಿಸಿಕೊಳ್ಳುವುದು? ಕಲಿತು ಬರಲಿ" ಎಂದು ಕಳಿಸಿಬಿಟ್ಟರು.

ಮಳೆಗಾಲ ಕಳೆಯಿತು. ತಂದೆ ಮಗಳು ಮತ್ತೆ ಬಂದರು. ಪಂಚರು ಮತ್ತೆ ಕೇಳಿದರು. ಈ ಸಲ ಮೌಲಾಬಿ ಎರಡರಿಂದ ಶುರುಮಾಡಿ ಹೇಳುತ್ತ ಹೋದಳು. ಏಳರ ಮಗ್ಗಿಯಲ್ಲಿ, ಏಳಾರಲಿ ನಲವತ್ತೆರಡು ಎಂದವಳು ಅಲ್ಲಿ ತಡೆದು ನಿಂತಳು. ಸ್ವಲ್ಪ ಹೊತ್ತು ಸುಮ್ಮನಿದ್ದು, ಅನಂತರ ತಪ್ಪಿಲ್ಲದೆ ಹತ್ತರ ಮಗ್ಗಿಯ ಕೊನೆ ಮುಟ್ಟಿಸಿದಳು.

ಪಂಚರು ಮುಖ ಮುಖ ನೋಡಿಕೊಂಡರು. ಶಾಲೆಗೆ ಬಾರದವಳಿಗೆ ಮಗ್ಗಿ ಹೇಗೆ ಬಂತು?

"ಯಾರು ಕಲಿಸಿದರು?"

"ಗ್ವಾಡಿ ಆಚೀಕ ನಿಂತು ಕೇಳೀನ್ರಿ."

"ನಡುವೆ ಯಾಕ ನಿಂತಿ? ಯಾರಿಗೆ ಸನ್ನಿ ಮಾಡಿದಿ?"

"ಅಲ್ಲೆ ಮಾಸ್ತರ್ ಸೀನತಾರಲ್ರಿ," ಎಂದಳು ಮೌಲಾಬಿ. "ಎಲ್ಲಾರೂ ನಿಲ್ಲತಾರ. ನಾನೂ ನಿಂತೆ."

ಮಕ್ಕಳು ಗೊಳ್ಳೆಂದು ನಕ್ಕರು. ಮಾತು ನಿಜವಾಗಿತ್ತು. ಏಳರ ಮಗ್ಗಿ ಶುರುವಾಗುವಾಗ ಮಾಸ್ತರರು ನಶ್ಯ ಏರಿಸುತ್ತಿದ್ದರು. ನಲವತ್ತೆರಡಕ್ಕೆ ಬರುವಷ್ಟರಲ್ಲಿ ಸೀನು ಬರುತ್ತಿತ್ತು. ಅವರು ಸೀನಿ ಮೂಗು ಒರೆಸಿಕೊಳ್ಳುವವರೆಗೆ ಮಕ್ಕಳು ಕಾಯುತ್ತಿದ್ದರು. ಮಾಸ್ತರರು ತಲೆ ತಗ್ಗಿಸಿದರು.

ಪಂಚರು ನಗಲಿಲ್ಲ. "ಮಾಸ್ತರರು ಎಲ್ಲಿ ಸೀನುತ್ತಾರೆ ಎಂಬುದನ್ನೂ ಬಿಡದೆ ಕೇಳಿಸಿಕೊಂಡಿದ್ದಾಳೆ. ಇಂದು ಶಾಲೆಯ ಗೋಡೆ, ನಾಳೆ ನಮ್ಮ ಮನೆಯ ಗೋಡೆ" ಎಂದರು. ಪಿಂಜಾರನು ಕೈಮುಗಿದು ಬೇಡಿಕೊಂಡರೂ ಹುಡುಗಿಯನ್ನು ಸೇರಿಸಿಕೊಳ್ಳಲಿಲ್ಲ.

ಅಷ್ಟಕ್ಕೂ ಅವರಿಗೆ ಸಮಾಧಾನವಾಗಲಿಲ್ಲ. ಇನ್ನು ಮುಂದೆ ಯಾರೂ ಮಗ್ಗಿಯನ್ನು ಬಾಯಿಬಿಟ್ಟು ಹೇಳಕೂಡದು, ಮನಸ್ಸಿನಲ್ಲೇ ಹೇಳಬೇಕು ಎಂದು ಕಟ್ಟಪ್ಪಣೆ ಮಾಡಿದರು. ಮಕ್ಕಳು ಸಾಲಾಗಿ ನಿಂತು, ತುಟಿ ಅಲುಗಿಸಿ ಮನೆಗೆ ಹೋಗತೊಡಗಿದರು. ಮೌಲಾಬಿ ಕೆಲವು ಸಂಜೆ ಬಂದು ಗೋಡೆಗೆ ಒರಗಿ ನಿಂತಳು. ಆಮೇಲೆ ಬರುವುದನ್ನು ಬಿಟ್ಟಳು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನು ಕೇಳಿದನು: "ಹಾಗಾದರೆ ಆ ಹುಡುಗಿ ಮುಂದೆ ಕಲಿಯಲೇ ಇಲ್ಲವೇ?"

ಗುರುಗಳೆಂದರು: "ಆ ವರ್ಷ ಆ ಊರಿನಲ್ಲಿ ಯಾವ ಮಗುವಿಗೂ ಮಗ್ಗಿ ಬರಲಿಲ್ಲ."