ಗೀಜಗ ಮೇಷ್ಟರು ಜಗ್ಗಿದ ಗಂಟು

ಗುಬ್ಬಿ ಮೊದಲ ಸಲ ಮನೆಬಿಟ್ಟು ಹಾರಿದ್ದು ಯುಗಾದಿಯ ಮಾರನೇ ದಿನ. ಊರೂರು ಅಲೆಯುತ್ತ ಗಂಟು ಹಾಕುವುದನ್ನೇನೋ ಕಲಿಯಿತು, ಆದರೆ ಕಟ್ಟಿದ ಗೂಡೆಲ್ಲ ಗಾಳಿಗೆ ಉದುರಿತು. ಗೂಡು ನೇಯುವುದನ್ನು ಕಲಿಯಲೇಬೇಕೆಂದು ಗೀಜಗ ಮೇಷ್ಟರ ಕಾಲೇಜಿಗೆ ಸಂದರ್ಶನಕ್ಕೆ ಬಂತು.

"ಬರುವ ಚುನಾವಣೆಯಲ್ಲಿ ಕಾಡಿಗೆ ಯಾರು ರಾಜನಾಗಬೇಕು? ಹದ್ದೋ, ಗಿಡುಗವೋ?" ಎಂದರು ಮೇಷ್ಟರು.

ಮುಂಚೆ ಬಂದಿದ್ದ ಗಿಳಿ ಇದೇ ಪ್ರಶ್ನೆಗೆ ಅವರ ಮುಖ ನೋಡಿಕೊಂಡು "ಹದ್ದೇ ಸ್ವಾಮಿ" ಅಂದು ಸೀಟು ಗಿಟ್ಟಿಸಿತ್ತು.

"ಅದನ್ನು ಚುನಾವಣೆಯ ದಿನ ಹೇಳುತ್ತೇನೆ ಮೇಷ್ಟ್ರೇ. ಇವತ್ತು ನನ್ನ ಗಂಟು ನೋಡಿ" ಎಂದು ಗುಬ್ಬಿ ಕೊಂಬೆಗೆ ಹುಲ್ಲೆಳೆ ಬಿಗಿಯಿತು.

"ತಲೆಹರಟೆ!" ಎನ್ನುತ್ತಲೇ ಮೇಷ್ಟರು ಕೊಕ್ಕಿನಿಂದ ಜಗ್ಗಿದರು. ಕೊಂಬೆ ಅಲುಗಿತು, ಗಂಟು ಸಡಿಲಲಿಲ್ಲ.

"ಭಲೇ! ಉಳಿದ ಒಂದೇ ಸೀಟು ನಿನ್ನದು. ಆ ಪ್ರಶ್ನೆ ನಿನಗೆ ಮಾಫಿ."

"ನನ್ನ ಹಿಂದಿರುವ ಪಾರಿವಾಳಕ್ಕೂ ಮಾಫಿಯೇ?"

"ಅದಕ್ಕೆ ಆ ಪ್ರಶ್ನೆ ಕೇಳಲೇಬೇಕಲ್ಲ, ಪದ್ಧತಿ."

"ಹಾಗಾದರೆ ನನಗೆ ಆ ಸೀಟು ಬೇಡ" ಎಂದು ಗುಬ್ಬಿ ಪಕ್ಕಕ್ಕೆ ಸರಿಯಿತು.

ಪಾರಿವಾಳ ಮುಂದೆ ಬಂತು. ಮೇಷ್ಟರು ಬಾಯಿ ತೆರೆದವರು, ಕೊಂಬೆಯ ಮೇಲಿನ ಗಂಟನ್ನು ನೋಡಿ ಆ ಪ್ರಶ್ನೆಯನ್ನು ತಡೆದುಕೊಂಡರು.

"ಎಲ್ಲಿ, ಒಂದು ಗಂಟು ಹಾಕಿ ತೋರಿಸಮ್ಮ" ಎಂದರು.

ಅದನ್ನು ಕೇಳಿ ಗುಬ್ಬಿ ಬಾಲ ಕುಣಿಸಿತು. ಉಳಿದ ಹುಲ್ಲೆಳೆಗಳನ್ನು ಕಂತೆ ಮಾಡಿ, ಕೊಕ್ಕಿನಲ್ಲಿ ಕಚ್ಚಿಕೊಂಡು, ಮತ್ತೆ ಹಾರಿ ಹೊರಡಲು ಗಾಳಿ ಎತ್ತ ಬೀಸುತ್ತಿದೆಯೆಂದು ನೋಡತೊಡಗಿತು.