ನಡುವಿನ ಬಯಲು

ಹುಲ್ಲಿನ ಬಣವೆಯ ಬುಡದಲ್ಲಿ ಬೂದಕ್ಕನೆಂಬ ಹೇಂಟೆ ಊರಹಕ್ಕಿಗಳ ಮರಿಗಳನ್ನೆಲ್ಲ ನೋಡಿಕೊಳ್ಳುತ್ತಿದ್ದಳು. ತಾಯಂದಿರು ಮೇವು ಹುಡುಕಿಕೊಂಡು ಸಂಜೆ ಮರಳುವವರೆಗೆ ಅವಳ ರೆಕ್ಕೆಯೇ ಮರಿಗಳಿಗೆ ಮನೆ. ಹೀಗಿರಲು ಹಕ್ಕಿಗಳ ಅರಸನು ಮರಿಗಳಿಗೆ ಉಚಿತವಾಗಿ ಪಾಠ ಹೇಳಲು ಕೊಕ್ಕರೆ ಮೇಷ್ಟ್ರನ್ನು ನೇಮಿಸಿದನು. ಮೇಷ್ಟ್ರು ತಮಗೆ ಒಗ್ಗಿದ ಕೆರೆದಂಡೆಯಲ್ಲೇ ಶಾಲೆ ಹೂಡಿದರು. ಮಧ್ಯಾಹ್ನ ಶಾಲೆ ಬಿಟ್ಟರೆ ಮರಿಗಳು ಬಯಲು ದಾಟಿ ಬಣವೆಗೆ ಬರಬೇಕು.

ಬೂದಕ್ಕನಿಗೆ ಮೈಯೆಲ್ಲ ಉರಿ. "ಇಷ್ಟು ದಿನ ಸಾಕಿದ ನಾನು ಈಗ ಸಾಲದಾದೆನೇ?" ಎಂದು ಮುನಿಸಿಕೊಂಡು ಕೂತಳು.

ಒಂದು ದಿನ ಬಯಲಿನಲ್ಲಿ ಗೌಜಲಹಕ್ಕಿಯ ಮರಿ ಚೀರಿತು. ಬೂದಕ್ಕ ಓಡಿಹೋಗಿ ಅದನ್ನು ರೆಕ್ಕೆಯೊಳಗೆ ಎಳೆದುಕೊಂಡಳು. ಎರಗಿದ ಹದ್ದಿಗೆ ಸಿಕ್ಕಿದ್ದು ಅವಳ ಬಾಲದ ಪುಕ್ಕ ಮಾತ್ರ.

ಅವಳು ನೇರವಾಗಿ ಕೆರೆಗೆ ನಡೆದಳು. "ಮೇಷ್ಟ್ರೇ, ಮರಿಗಳನ್ನು ಹೀಗೆ ಒಂಟಿಯಾಗಿ ಕಳಿಸುವುದೇ?"

"ಕೆರೆದಂಡೆ ದಾಟಿದ ಮೇಲೆ ಹೊಣೆ ನನ್ನದಲ್ಲ, ಬೂದಕ್ಕ."

"ಬಣವೆ ಮುಟ್ಟುವ ಮೊದಲು ನನ್ನದೂ ಅಲ್ಲ!"

"ಜಗಳವೇಕೆ?" ಎಂದು ಮೇಲಿನಿಂದ ಹದ್ದು ಖುಷಿಯಾಗಿ ಕೂಗಿತು. "ನಡುವಿನ ಬಯಲು ನನ್ನದು!"

ಇಬ್ಬರೂ ತಲೆಯೆತ್ತಿ ಹದ್ದನ್ನು ನೋಡಿದರು. ಕೊನೆಗೆ ಬೂದಕ್ಕನೇ ತಗ್ಗಿದಳು. "ಮೇಷ್ಟ್ರೇ, ಪಾಠ ನನ್ನ ಬಣವೆಯ ಹತ್ತಿರವೇ ನಡೆಯಬಾರದೇ?"

"ನನಗೆ ಅಲ್ಲಿ ಜಾಗವಿದೆಯೇ?"

"ಒಂದೇ ಕಾಲಲ್ಲಿ ನಿಲ್ಲುವವರಿಗೆ ಎಷ್ಟು ಜಾಗ ಬೇಕು ಹೇಳಿ!"

ಮೇಷ್ಟ್ರು ಮೊದಲ ಸಲ ನಕ್ಕರು.

ಮರುದಿನ ಬಣವೆಯ ಬುಡದಲ್ಲಿ ಪಾಠ, ಅಲ್ಲೇ ಕಾಳು, ಅಲ್ಲೇ ನಿದ್ದೆ. ಹದ್ದು ಹೊತ್ತು ಮುಳುಗುವವರೆಗೂ ಸುತ್ತಿತು. ಬಯಲೆಲ್ಲ ಅದರದ್ದೇ ಆಗಿತ್ತು. ಅಲ್ಲಿ ಒಂದು ಮರಿಯೂ ಇರಲಿಲ್ಲ.